ರಾಣಿಗೆ ಒಗ್ಗದ ಒಳ್ಳೇ ಮರಳು

ನಮ್ಮ ಸೋದರಮಾವ ಗಾರೆ ಕೆಲಸದವರು. ಅವರು ಪ್ಲಾಸ್ಟರ್ ಮಾಡಿದ ಗೋಡೆಗೆ ಕೆನ್ನೆ ಒತ್ತಬಹುದು, ಅಷ್ಟು ನುಣುಪು! ಆದರೆ ನಾನು ಅವರ ಅಭಿಮಾನಿಯಾದದ್ದು ಗೋಡೆ ನೋಡಿ ಅಲ್ಲ, ಅವರ ಹಾಲ್‌ನಲ್ಲಿರುವ ಗಾಜಿನ ತೊಟ್ಟಿ ನೋಡಿ. ಸೋಫಾ ಎತ್ತಿಸಿ ಆ ಜಾಗಕ್ಕೆ ತೊಟ್ಟಿ ತಂದಿಟ್ಟ ಮಹಾನುಭಾವರು ಅವರು. ಒಳಗಿರುವುದು ಸಿಹಿನೀರಿನ ಸ್ಟಿಂಗ್‌ರೇ. ತಟ್ಟೆಯಂಥ ಮೀನು, ಕಪ್ಪು ಮೈಮೇಲೆ ಬಿಳಿ ಚುಕ್ಕಿ, ಬಾಲದಲ್ಲಿ ವಿಷದ ಮುಳ್ಳು. ಮಾವ ಅದನ್ನು ‘ರಾಣಿ’ ಅನ್ನುತ್ತಾರೆ. ಅತ್ತೆ ‘ನನ್ನ ಸವತಿ’ ಅನ್ನುತ್ತಾರೆ.

ಈ ಮೀನಿಗೆ ಮರಳಲ್ಲಿ ಹುದುಗಿ ಕೂರುವುದೆಂದರೆ ಪ್ರಾಣ. ಹೋದ ಬೇಸಿಗೆಯಲ್ಲಿ ಮಾವ ಹಳೇ ಮರಳು ತೆಗೆದು ಕೆಲಸದ ಜಾಗದಿಂದ ಹೊಸದು ತಂದರು. ಕಲ್ಲು ಪುಡಿಮಾಡಿದ ಎಂ-ಸ್ಯಾಂಡ್. ಜರಡಿ ಹಿಡಿದು, ನೀರು ತಿಳಿಯಾಗುವವರೆಗೂ ತೊಳೆದು ಹಾಕಿದರು.

“ಹರಳು ಚೂಪಾಗಿದೆ ನೋಡೋ, ಸಿಮೆಂಟು ಹಿಡಿದ್ರೆ ಬಿಡಲ್ಲ, ಎಂಥಾ ಒಳ್ಳೇ ಮರಳು!” ಎಂದರು. ನಾನೂ ಹೂಂಗುಟ್ಟಿದೆ.

ವಾರದೊಳಗೆ ರಾಣಿ ಊಟ ಬಿಟ್ಟಿತು. ಸಿಗಡಿ ಹಾಕಿದರೆ ತಿರುಗಿಯೂ ನೋಡದು. ಮೈ ಸೊರಗಿತು. ಮಾವ ನೀರು ಬದಲಾಯಿಸಿದರು, ಔಷಧಿ ಹಾಕಿದರು, ಏನೂ ನಾಟಲಿಲ್ಲ. ಇನ್ನು ಇದು ಉಳಿಯುವುದಿಲ್ಲ ಎಂದುಕೊಂಡು ಅವರೂ ಅರ್ಧ ಊಟಕ್ಕೇ ಏಳತೊಡಗಿದರು.

ಒಂದು ಬೆಳಿಗ್ಗೆ ಅತ್ತೆ ಗಾಜು ಒರೆಸುತ್ತಿದ್ದಾಗ ರಾಣಿ ಒಳಗಿನಿಂದ ಗಾಜಿಗೆ ಅಂಟಿಕೊಂಡು ಮೇಲೇರಿತು.

“ರೀ, ಬನ್ನಿ ಇಲ್ಲಿ! ಇದರ ಹೊಟ್ಟೆ ನೋಡಿ!”

ಬೆಳ್ಳಗಿರಬೇಕಾದ ಹೊಟ್ಟೆ ತುಂಬಾ ಕೆಂಪು ಗೀರು.

“ಮರಳೇ ಗೀರಿದೆ ಕಣ್ರೀ.”

“ಸುಮ್ನಿರೇ, ಮೂವತ್ತು ವರ್ಷದಿಂದ ಮರಳು ನೋಡಿದೀನಿ.”

“ಗೋಡೆಗೆ ನೋಡಿದೀರ. ಅಂಗಿ ಬಿಚ್ಚಿ ಆ ಮರಳಿನ ಮೇಲೆ ಮಲಗಿ ನೋಡೋಣ!”

ನಮ್ಮ ಮಾವನಿಗೆ ಹಟ. ಹಿತ್ತಲಲ್ಲಿ ಉಳಿದಿದ್ದ ಮರಳು ಹರಡಿ, ಬರಿಮೈಯಲ್ಲಿ ಬೋರಲು ಮಲಗಿದರು. ಒಂದೇ ಸಲ ಹೊರಳಿದರು, ಅಷ್ಟೇ. ಎದ್ದು, ಹೊಟ್ಟೆ ಉಜ್ಜಿಕೊಳ್ಳುತ್ತಾ ಬಕೆಟ್ ಹುಡುಕಿದರು. ಜಡ್ಡುಗಟ್ಟಿದ ಅವರ ಅಂಗೈಗೆ ಗೊತ್ತಾಗದ್ದು ಹೊಟ್ಟೆಗೆ ಗೊತ್ತಾಗಿತ್ತು.

ಮಧ್ಯಾಹ್ನದೊಳಗೆ ತೊಟ್ಟಿಯ ತಳ ಬೋಳು. ದಿನಾ ಸ್ವಲ್ಪ ಸ್ವಲ್ಪ ಹೊಸ ನೀರು. ಗೀರುಗಳು ಮಾಸುತ್ತಾ ಬಂದವು. ಕೊನೆಗೊಂದು ದಿನ ಅತ್ತೆ ಇಳಿಬಿಟ್ಟ ಸಿಗಡಿಯ ಮೇಲೆ ರಾಣಿ ಮೆಲ್ಲಗೆ ಬಂದು ಕವುಚಿಕೊಂಡಿತು. ಮೇಲೆದ್ದಾಗ ಸಿಗಡಿ ಇರಲಿಲ್ಲ!

ಯಾರನ್ನೂ ಬಾಯಿಬಿಟ್ಟು ಹೊಗಳದ ಮಾವ ಅತ್ತೆಯ ಒದ್ದೆ ಕೈ ಹಿಡಿದುಕೊಂಡರು.

“ನೀನಿಲ್ದಿದ್ರೆ ಹೋಗ್ಬಿಡ್ತಿತ್ತು ಕಣೇ.”

“ಯಾರು, ಮೀನಾ ನೀವಾ?”

“ಇಬ್ರೂ.”