ಎರಡನೆಯ ಗೂಢಚಾರನ ದನಿ

ನನ್ನ ಸೋದರಮಾವ ಕುಳ್ಳಗಿದ್ದರು. ಮದುವೆಗೆ ಮೊದಲೇ ತಲೆ ಬೋಳಾಗಿತ್ತು. ನಾಟಕದ ಹುಚ್ಚೇನೋ ಇತ್ತು, ಆದರೆ ಹವ್ಯಾಸಿ ತಂಡದಲ್ಲಿ ಅವರಿಗೆ ಸಿಗುತ್ತಿದ್ದದ್ದು ವೈದ್ಯ, ಅಂಚೆಯವನು, "ಬಂದೆ ಯಜಮಾನ್ರೇ" ಎಂದು ಹೇಳಿ ಒಳಗೆ ಹೋಗಿಬಿಡುವ ಆಳು, ಇಂಥವೇ. ಹೊಟ್ಟೆಪಾಡಿಗೆ ಬಸ್ ನಿಲ್ದಾಣದ ಮೈಕಿನ ಮುಂದೆ ಕೂತು ಯಾವ ಬಸ್ಸು ಎಲ್ಲಿಂದ ಹೊರಡುತ್ತದೆ ಎಂದು ಹೇಳುವ ಕೆಲಸ. ಅವರ ಮುಖ ಯಾರಿಗೂ ನೆನಪಿರುತ್ತಿರಲಿಲ್ಲ. ದನಿ ಮಾತ್ರ ಊರಿಗೆಲ್ಲ ಗೊತ್ತು. ತರಕಾರಿ ಅಂಗಡಿಯಲ್ಲಿ ಬಾಯಿ ತೆರೆದರೆ ಸಾಕು, ಪಕ್ಕದಲ್ಲಿದ್ದವರು ಗಾಬರಿಯಾಗಿ ತಿರುಗಿ, "ಬಸ್ಸು ಹೊರಟುಬಿಡ್ತಾ?" ಎನ್ನುತ್ತಿದ್ದರು.

ಒಂದು ಸಂಜೆ ಬಸ್ಸಿಗೆ ಕಾಯುತ್ತಿದ್ದ ಹೆಂಗಸೊಬ್ಬರು ಅವರ ಗಾಜಿನ ಕೋಣೆಯ ಬಾಗಿಲು ತಟ್ಟಿದರು. ಅವರು ಪರದೇಶದ ಚಿತ್ರಗಳನ್ನು ನಮ್ಮ ಮಾತಿಗೆ ಡಬ್ ಮಾಡಿಸುವ ನಿರ್ದೇಶಕಿ.

"ಈಗ ಬಸ್ಸು ರದ್ದಾಗಿದೆ ಅಂತ ಹೇಳಿದ್ದು ನೀವೇನಾ?"

"ಹೌದಮ್ಮ. ತಪ್ಪು ನಂದಲ್ಲ, ಡಿಪೋದವರದು."

"ನಾನು ಜಗಳಕ್ಕೆ ಬಂದಿಲ್ಲ. ಅಷ್ಟು ಜನ ಕಾಯ್ತಿದ್ರು, ಒಬ್ಬರಿಗೂ ಸಿಟ್ಟು ಬರಲಿಲ್ಲ. ಅಂಥ ದನಿ ನನಗೆ ಬೇಕು."

ಬೇಕಾಗಿದ್ದದ್ದು ಒಬ್ಬ ಗೂಢಚಾರನಿಗೆ. ಆ ಪರದೇಶದ ಚಿತ್ರಮಾಲೆಯಲ್ಲಿ ನಾಯಕ ಒಬ್ಬನೇ, ನಟರು ಮಾತ್ರ ಕಾಲಕಾಲಕ್ಕೆ ಬದಲಾಗುತ್ತಿದ್ದರು. ಮೊದಲ ನಟನನ್ನು ಜನ ತಲೆಯ ಮೇಲೆ ಹೊತ್ತು ಮೆರೆಸಿದ್ದರು. ಎತ್ತರದ ಆಳು, ಅಗಲವಾದ ಎದೆ, ಗುಂಡು ಹಾರಿಸಿದ ಮೇಲೊಂದು ನಗು. ಅವನಿಗೆ ವಯಸ್ಸಾಗಿ, ಆ ಜಾಗಕ್ಕೆ ಇನ್ನೊಬ್ಬ ಬಂದಿದ್ದ. ಈ ಎರಡನೆಯವನದು ಸಪೂರ ಮುಖ. ಸುಲಭಕ್ಕೆ ನಗುವವನಲ್ಲ. ಓಡಿದರೆ ಏದುಸಿರು ಬಿಡುತ್ತಿದ್ದ. ಇವನಿಗೆ ಗುಡುಗುವ ದನಿ ಒಗ್ಗುವುದಿಲ್ಲ ಎಂದು ನಿರ್ದೇಶಕಿ ಮಾವನನ್ನು ಆರಿಸಿದ್ದರು.

ಸ್ಟುಡಿಯೋ ಇದ್ದದ್ದು ಪೀಠೋಪಕರಣದ ಅಂಗಡಿಯೊಂದರ ನೆಲಮಾಳಿಗೆಯಲ್ಲಿ. ಗೋಡೆಗೆಲ್ಲ ದಪ್ಪ ರಗ್ಗು ಬಡಿದಿದ್ದರು. ಸದ್ದಾಗುತ್ತದೆಂದು ಫ್ಯಾನು ಹಾಕುವ ಹಾಗಿರಲಿಲ್ಲ. ಚಿತ್ರವನ್ನು ತುಂಡು ತುಂಡಾಗಿ ತೋರಿಸುತ್ತಿದ್ದರು. ಕಿವಿಯಲ್ಲಿ ನಟನ ಮೂಲ ದನಿ, ಕಣ್ಣೆದುರು ಅವನ ತುಟಿ, ಕೈಯಲ್ಲಿ ನಮ್ಮ ಮಾತಿನ ಹಾಳೆ. ಅವನ ತುಟಿ ತೆರೆದಾಗ ಇವರ ಮಾತು ಶುರುವಾಗಬೇಕು, ಮುಚ್ಚಿದಾಗ ಮುಗಿಯಬೇಕು. ಮಾವ ಬೆವರು ಒರೆಸಿಕೊಳ್ಳುತ್ತಾ ಆ ಪರದೇಶದವನ ಜೊತೆ ಉಸಿರು ಎಳೆದು ಉಸಿರು ಬಿಡುತ್ತಿದ್ದರು. ಮನೆಗೆ ಬಂದರೆ ಅತ್ತೆ, "ಕತ್ತಿಗೆ ಟವೆಲ್ ಹಾಕಿಕೊಂಡು ಪ್ರಪಂಚ ಕಾಪಾಡಿ ಬಂದ್ರು ನೋಡು," ಎಂದು ನನ್ನ ಕಡೆ ತಿರುಗಿ ಹೇಳುತ್ತಿದ್ದರು. ಅತ್ತೆ ದರ್ಜಿ. ಹಜಾರದ ಅರ್ಧ ಭಾಗ ಅವರ ಹೊಲಿಗೆ ಯಂತ್ರದ್ದೇ. ನಾವಿದ್ದದ್ದು ಹಿಂದಿನ ಬೀದಿಯಲ್ಲಾದರೂ ಶಾಲೆ ಬಿಟ್ಟ ಮೇಲೆ ನಾನು ಅಲ್ಲೇ ಬಟ್ಟೆಚೂರುಗಳ ನಡುವೆ ಕೂತಿರುತ್ತಿದ್ದೆ.

ಈ ಎರಡನೆಯವನ ಮೊದಲ ಚಿತ್ರ ಬಂದಾಗ ಜನ ಅವನನ್ನು ಹಿಗ್ಗಾಮುಗ್ಗಾ ಬೈದರು. ಪತ್ರಿಕೆಯವರು ಮರದ ಕೊರಡು ಎಂದರು. ಚಿತ್ರಮಂದಿರದ ಹೊರಗೆ ಒಬ್ಬರು, "ಇವನು ಗೂಢಚಾರನೋ ಗುಮಾಸ್ತನೋ?" ಎಂದು ನಗುತ್ತಿದ್ದರು. ಯಾರ ಜೊತೆಗೂ ವಾದಕ್ಕಿಳಿಯದ ಮಾವ ಅವತ್ತು ನನ್ನ ಕೈ ಬಿಟ್ಟು ಅವರ ಹತ್ತಿರ ಹೋದರು.

"ಗೂಢಚಾರ ಗುಮಾಸ್ತನ ಹಾಗೇ ಇರಬೇಕಲ್ವಾ ಸ್ವಾಮಿ? ನೋಡಿದ ಕೂಡಲೇ ಗೂಢಚಾರ ಅಂತ ಗೊತ್ತಾದ್ರೆ ಅವನಿಗೆ ಸಂಬಳ ಯಾಕೆ ಕೊಡಬೇಕು?"

ಆ ಮನುಷ್ಯ ಬೆಪ್ಪಾಗಿ ನೋಡಿದ. ಮಾತು ಅರ್ಥವಾಗಿ ಅಲ್ಲ. ತೆರೆಯ ಮೇಲೆ ಕೇಳಿದ ದನಿ ಈ ಬೋಳುತಲೆಯಿಂದ ಹೊರಟದ್ದಕ್ಕೆ.

ಎರಡನೆಯ ಚಿತ್ರದಲ್ಲಿ ಆ ನಟ ತನ್ನ ಕಾಲ ಮೇಲೆ ನಿಂತ. ಜೊತೆಗಾರನೊಬ್ಬ ಸತ್ತುಹೋಗಿ, ಅವನ ತಾಯಿಗೆ ಸುದ್ದಿ ಹೇಳಲು ಗೂಢಚಾರ ಹೋಗುವ ದೃಶ್ಯವೊಂದಿದೆ. ನಟನ ಬೆನ್ನು ಮಾತ್ರ ಕಾಣುತ್ತದೆ. ತುಟಿ ಕಾಣದ ಜಾಗದಲ್ಲಿ ಏನು ಬೇಕಾದರೂ ತುಂಬಬಹುದು. ಚಪ್ಪಾಳೆ ಬೀಳುವಂಥ ಮಾತೊಂದು ಹಾಕಿ ಎಂದು ಹಂಚಿಕೆದಾರರು ಹೇಳಿ ಕಳಿಸಿದ್ದರು. ಮಾವ ಹಾಳೆ ಕೆಳಗಿಟ್ಟು, "ಬೇಡಮ್ಮ, ಅವನು ಬೆನ್ನಲ್ಲೇ ಹೇಳಿದಾನೆ," ಎಂದರಂತೆ. ನಿರ್ದೇಶಕಿ ಒಪ್ಪಿದರು. ಆ ದೃಶ್ಯದಲ್ಲಿ ಮಾವ ಒಂದು ಉಸಿರು ಎಳೆದುಕೊಂಡದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಜನ ಕುರ್ಚಿಯಲ್ಲಿ ಅಲುಗಾಡದೆ ಕೂತಿದ್ದದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಮೂರನೆಯದೂ ನಾಲ್ಕನೆಯದೂ ಚೆನ್ನಾಗಿರಲಿಲ್ಲ. ನಟ ಕೂದಲಿಗೆ ಬಣ್ಣ ಹಚ್ಚಿದ್ದ. ಮೊದಲ ನಟನ ಹಾಗೆ ಕೊಂದಮೇಲೆ ತಮಾಷೆ ಮಾಡುವುದನ್ನು ಅವನ ಬಾಯಲ್ಲೂ ತುರುಕಿದ್ದರು. ಮಾವ ಊಟ ಮಾಡುತ್ತಾ, "ಪಾಪ, ಅವನಿಗೆ ಬೇಜಾರಾಗಿದೆ ಕಣೇ," ಎಂದರು.

ಅತ್ತೆ ತಟ್ಟೆಯಿಂದ ಕಣ್ಣೆತ್ತದೆ, "ಅವನಿಗೋ, ನಿಮಗೋ?" ಎಂದರು.

ಐದನೆಯದು ಆ ನಟನ ಕಡೆಯ ಚಿತ್ರ ಎಂದು ಮೊದಲೇ ಸುದ್ದಿಯಾಗಿತ್ತು. ಅದರ ಕೆಲಸ ಅರ್ಧ ಆಗಿರುವಾಗ ಮಾವನ ದನಿ ಒಡೆಯಿತು. ಶೀತ ಎಂದುಕೊಂಡರು, ಬಿಸಿನೀರು ಕುಡಿದರು. ಬಸ್ ನಿಲ್ದಾಣದಲ್ಲಿ ಜನ "ಮೈಕು ಸರಿಮಾಡಿಸಿ" ಎಂದು ದೂರು ಕೊಟ್ಟರು. ಮೈಕು ಸರಿಯಾಗಿಯೇ ಇತ್ತು. ಅತ್ತೆ ಹೊಲಿಗೆ ನಿಲ್ಲಿಸಿ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ಗಂಟಲಿಗೆ ಕೊಳವೆ ಇಳಿಸಿ ನೋಡಿದ ಡಾಕ್ಟರು ಮಾತು ಉದ್ದ ಮಾಡಲಿಲ್ಲ. ದನಿಪೆಟ್ಟಿಗೆಯಲ್ಲಿ ಗಡ್ಡೆ ಬೆಳೆದಿದೆ, ಕೆಟ್ಟದ್ದು, ಪೆಟ್ಟಿಗೆಯನ್ನೇ ತೆಗೆಯಬೇಕು, ತಡ ಮಾಡಬಾರದು.

"ಉಳಿದ ಅರ್ಧ ಮುಗಿಸಿ ಬರ್ತೀನಿ," ಎಂದರು ಮಾವ. "ಕೊನೇ ಚಿತ್ರ ಅದು. ಅವನನ್ನ ನಡುನೀರಲ್ಲಿ ಕೈಬಿಟ್ಟ ಹಾಗಾಗುತ್ತೆ."

ಅತ್ತೆ ಡಾಕ್ಟರ ಎದುರಿಗೇ ಹೇಳಿದರು: "ಅವನ್ಯಾರು? ನೀವು ಇದ್ದೀರಿ ಅಂತಾನಾದ್ರೂ ಅವನಿಗೆ ಗೊತ್ತಾ? ಅವನಿಗೆ ಇನ್ನೊಬ್ಬ ಸಿಗ್ತಾನೆ ರೀ. ನಾನು ಎಲ್ಲಿಗೆ ಹೋಗಲಿ?"

ಮಾವ ಗೋಡೆಗೆ ಒರಗಿ ನಿಂತರು. ಆಮೇಲೆ ಹೂಂ ಎಂದರು. ಶಸ್ತ್ರಚಿಕಿತ್ಸೆಯ ಹಿಂದಿನ ದಿನ ನಾನು ಹೋದಾಗ ಅವರು ವಾರ್ಡಿನ ಕಿಟಕಿ ಪಕ್ಕ ಕೂತು ಅತ್ತೆಯ ಹೆಸರನ್ನು ಕೂಗುತ್ತಿದ್ದರು. ಅತ್ತೆ ಎದುರಿಗೇ ಕೂತಿದ್ದರು. ಒಡೆದ ದನಿಯಲ್ಲಿ ಮತ್ತೆ ಮತ್ತೆ ಕೂಗುತ್ತಿದ್ದರು, ಅತ್ತೆ ಮತ್ತೆ ಮತ್ತೆ "ಹಾಂ" ಎನ್ನುತ್ತಿದ್ದರು. ನಾನು ತಂದಿದ್ದ ಹಣ್ಣಿನ ಚೀಲ ಹಿಡಿದುಕೊಂಡು ಬಾಗಿಲಲ್ಲೇ ನಿಂತೆ.

ಮಾವ ಉಳಿದರು. ದನಿ ಹೋಯಿತು. ಕತ್ತಿನ ಬುಡದಲ್ಲಿ ಉಸಿರಾಡಲು ಒಂದು ತೂತು, ಅದರ ಮೇಲೆ ಅತ್ತೆ ಹೊಲಿದ ತೆಳುಬಟ್ಟೆಯ ಪಟ್ಟಿ. ಬಸ್ ನಿಲ್ದಾಣದವರು ಅವರನ್ನು ಟಿಕೆಟ್ ಪುಸ್ತಕಗಳ ಗೋದಾಮಿಗೆ ಹಾಕಿದರು. ಗಂಟಲಿಗೆ ಒತ್ತಿಕೊಂಡು ಮಾತಾಡುವ ಸಾಧನವೊಂದನ್ನು ಆಸ್ಪತ್ರೆಯವರು ಕೊಟ್ಟಿದ್ದರು. ಅದರಿಂದ ಹೊರಡುವ ಝೇಂಕಾರವನ್ನು ಒಮ್ಮೆ ಕೇಳಿ ಮಾವ ಅದನ್ನು ಕಪಾಟಿನಲ್ಲಿಟ್ಟರು. ಬರೀ ತುಟಿ ಆಡಿಸುತ್ತಿದ್ದರು. ಅತ್ತೆ ಆ ತುಟಿ ನೋಡಿ ಮಾತು ತಿಳಿಯುವುದನ್ನು ಕಲಿತರು. ಮೊದಮೊದಲು ಎಡವಟ್ಟಾಗುತ್ತಿತ್ತು. ಮಾವ ಪಟ್ಟಿ ಕೇಳಿದರೆ ಅತ್ತೆ ಬತ್ತಿ ತಂದಿಡುತ್ತಿದ್ದರು. ಬರಬರುತ್ತಾ ಅಡುಗೆಮನೆಯ ಬಾಗಿಲಿಂದಲೇ ಓದಿಬಿಡುತ್ತಿದ್ದರು.

ಐದನೆಯ ಚಿತ್ರಕ್ಕೆ ಬೇರೊಬ್ಬರು ಮೊದಲಿಂದ ದನಿ ಕೊಟ್ಟರು. ಅದು ಬಿಡುಗಡೆಯಾದ ದಿನ ಮಾವ ಒಬ್ಬರೇ ಹೋಗಿ ನೋಡಿ ಬಂದರು. ಏನು ಎತ್ತ ಎಂದು ಯಾರಿಗೂ ಹೇಳಲಿಲ್ಲ. ಅತ್ತೆಯೂ ಕೇಳಲಿಲ್ಲ.

ಕೆಲವು ತಿಂಗಳಾದ ಮೇಲೆ ಗ್ರಂಥಾಲಯದ ಸಭಾಂಗಣದಲ್ಲಿ ಸಿನಿಮಾ ಸಂಘದವರು ಒಂದು ಕೂಟ ಇಟ್ಟರು. ಎರಡನೆಯ ನಟನ ಕಾಲ ಮುಗಿಯಿತಲ್ಲ, ಅವನ ಐದು ಚಿತ್ರಗಳನ್ನು ತೂಗಿ ನೋಡೋಣ, ಗೂಢಚಾರನಾಗಿ ಅವನು ಗೆದ್ದನೋ ಸೋತನೋ ಎಂದು ವಿಷಯ. ಸಂಘದ ಕಾರ್ಯದರ್ಶಿ ಮನೆಗೆ ಬಂದು ಮಾವನನ್ನು ಕರೆದರು. ಬಾಯಿಲ್ಲದವನನ್ನು ಭಾಷಣಕ್ಕೆ ಕರೆಯುತ್ತಿದ್ದೇವೆ ಎಂದು ಅವರಿಗೂ ಮುಜುಗರವಾಗಿತ್ತು. ಮಾವ ಅತ್ತೆಯ ಮುಖ ನೋಡಿದರು.

"ನಾನಾ?" ಎಂದರು ಅತ್ತೆ. "ನಾಲ್ಕು ಜನರ ಮುಂದೆ ನಿಂತು ಮಾತಾಡೋಕೆ ನನಗೆ ಗೊತ್ತಿಲ್ಲಪ್ಪ."

ಕೊನೆಗೆ ಹೊರಟರು. ನಾನೂ ಹೋದೆ. ಮೊದಲು ಕಾಲೇಜಿನ ಮೇಡಂ ಒಬ್ಬರು ಮಾತಾಡಿದರು. ಮೊದಲ ನಟ ಆ ಪಾತ್ರವನ್ನು ಕನಸಾಗಿಸಿದ್ದ, ಎರಡನೆಯವನು ಅದನ್ನು ಕೆಲಸವಾಗಿಸಿದ, ಕನಸು ಕಾಣಲು ಬಂದವರಿಗೆ ಮೋಸವಾಯಿತು ಎಂದರು. ಚೆನ್ನಾಗಿ ಹೇಳಿದರು. ಮಾವನೂ ತಲೆದೂಗಿದರು. ಆಮೇಲೆ ಇವರ ಸರದಿ. ಮಾವ ಕುರ್ಚಿಯಲ್ಲಿ ಅತ್ತೆಯ ಕಡೆ ತಿರುಗಿ ಕೂತರು, ಅತ್ತೆ ಸೆರಗು ಬಿಗಿಹಿಡಿದು ನಿಂತರು.

"ಮೇಡಂ ಹೇಳಿದ್ದು ಸರಿ ಅಂತಿದಾರೆ," ಎಂದು ಅತ್ತೆ ಶುರುಮಾಡಿದರು. "ಮೂರು, ನಾಲ್ಕು ಚೆನ್ನಾಗಿಲ್ಲ ಅಂತಿದಾರೆ. ಅದರಲ್ಲಿ ನಂದೂ ಪಾಲಿದೆ ಅಂತಾರೆ, ಆದರೂ ಚೆನ್ನಾಗಿಲ್ಲ. ಅವನದಲ್ಲದ ನಗು ಅವನ ಕೈಲಿ ನಗಿಸಿದರು, ಅವನೂ ನಕ್ಕ. ಬೇಡ ಅನ್ನಬಹುದಿತ್ತು."

ಮಾವನ ತುಟಿ ಆಡಿತು. ಅತ್ತೆ ಕಾದು ಮುಂದುವರಿಸಿದರು.

"ಮೊದಲನೇದರಲ್ಲಿ ಅವನನ್ನ ಯಾರೂ ನೋಡಲೇ ಇಲ್ಲ. ಹಳೇ ನಟನ ಖಾಲಿ ಜಾಗ ನೋಡ್ತಿದ್ರು. ಎರಡನೇದರಲ್ಲಿ ಮಾತ್ರ ಅವನು ತನ್ನ ಹಾಗೆ ಇದ್ದ. ಕೊಲ್ಲೋ ಕೆಲಸ ಮಾಡೋನಿಗೆ ಅದರ ಭಾರ ಇರುತ್ತೆ ಅಂತ ತೋರಿಸಿದ. ಅದನ್ನ ಈ ಚಿತ್ರಗಳಲ್ಲಿ ಅದಕ್ಕೆ ಮುಂಚೆ ಯಾರೂ ತೋರಿಸಿರಲಿಲ್ಲ."

ಐದನೆಯದರ ಬಗ್ಗೆ ಹೇಳಿ ಎಂದು ಕಾರ್ಯದರ್ಶಿ ಮೆಲ್ಲಗೆ ಕೇಳಿದರು. ಮಾವ ಕತ್ತಿನ ಪಟ್ಟಿಯನ್ನು ಸರಿಮಾಡಿಕೊಂಡು ತುಂಬಾ ಹೊತ್ತು ತುಟಿ ಆಡಿಸಿದರು.

"ಐದನೇದನ್ನ ಕುರ್ಚಿಯಲ್ಲಿ ಕೂತು ಬರೀ ನೋಡಿದೆ ಅಂತಿದಾರೆ. ಅವನ ತುಟಿ ಕಾಯೋ ಕೆಲಸ ಇರಲಿಲ್ಲ. ಆಗ ಅವನ ಕೈ ಕಾಣಿಸ್ತು, ಕಣ್ಣು ಕಾಣಿಸ್ತು. ಅಷ್ಟು ವರ್ಷ ಅವನ ಬಾಯಿ ಬಿಟ್ಟು ಬೇರೇನೂ ನೋಡಿರಲಿಲ್ಲ. ಐದರಲ್ಲಿ ಅದೇ ಒಳ್ಳೇದು. ಇವನು ಗೆದ್ದ ಅಂತ ನಾನು ಹೇಳಲ್ಲ. ಹೋಗೋವಾಗ ಚೆನ್ನಾಗಿ ಹೋದ." ಅತ್ತೆ ನಿಲ್ಲಿಸಿದರು. ಆಮೇಲೆ ಮಾವನನ್ನೇ ನೋಡುತ್ತಾ ಹೇಳಿದರು: "ದನಿ ಯಾರು ಬೇಕಾದ್ರೂ ಕೊಡಬಹುದಿತ್ತು ಅಂತಿದಾರೆ. ಇದನ್ನ ನಾನು ಒಪ್ಪಲ್ಲ. ಅವರು ಹೇಳಿದ್ದನ್ನ ಹೇಳಬೇಕು, ಅದಕ್ಕೆ ಹೇಳ್ತಿದೀನಿ."

ಸಭೆಯಲ್ಲಿ ಸಣ್ಣ ನಗು ಎದ್ದು ಅಲ್ಲೇ ಅಡಗಿತು. ಮಾವ ತಲೆ ಬಗ್ಗಿಸಿದರು. ಅವರು ಅಳುತ್ತಿದ್ದಾರೆಂದು ನನಗೆ ಗೊತ್ತಾದದ್ದು ಕತ್ತಿನ ಪಟ್ಟಿ ಬೇಗ ಬೇಗ ಏರಿಳಿಯುತ್ತಿದ್ದದ್ದರಿಂದ.

ಕೊನೆಗೆ ಕೈ ಎತ್ತಿಸಿದರು. ಹೆಚ್ಚಿನವರು ಸೋತ ಎಂದೇ ಕೈ ಎತ್ತಿದರು. ಮಾವನ ಮಾತಿನಿಂದ ಯಾರ ಮನಸ್ಸೂ ಬದಲಾದ ಹಾಗೆ ಕಾಣಲಿಲ್ಲ. ಮಾವ ಯಾವುದಕ್ಕೂ ಕೈ ಎತ್ತಲಿಲ್ಲ. ಕಾಲೇಜಿನ ಮೇಡಂ ಹತ್ತಿರ ಬಂದು ಅವರ ಕೈ ಹಿಡಿದುಕೊಂಡು, "ಎರಡನೇ ಚಿತ್ರ ಇನ್ನೊಂದು ಸಲ ನೋಡ್ತೀನಿ," ಎಂದರು. ನೋಡಿದರೋ ಇಲ್ಲವೋ ಗೊತ್ತಿಲ್ಲ.

ಆಮೇಲೆ ಮಾವ ಆರು ವರ್ಷ ಬದುಕಿದ್ದರು. ಮೂರನೆಯ ನಟನ ಚಿತ್ರಗಳಿಗೆ ಅವರು ಹೋಗಲಿಲ್ಲ. ಕೋಪದಿಂದಲ್ಲ, ಆ ಗೂಢಚಾರನ ಜೊತೆ ತನಗೆ ಇನ್ನೇನೂ ಕೆಲಸವಿಲ್ಲ ಎಂಬಂತೆ. ಆದರೆ ಅವರ ನಟ ಒಂದು ಸಣ್ಣ ಚಿತ್ರದಲ್ಲಿ ಗಡಿಯಾರ ರಿಪೇರಿ ಮಾಡುವ ಮುದುಕನ ಪಾತ್ರ ಮಾಡಿದ್ದಾನೆ ಎಂದು ಎಲ್ಲೋ ಓದಿ, ಅತ್ತೆಯನ್ನು ಹೊರಡಿಸಿದರು. ಅದು ಡಬ್ ಆಗಿರಲಿಲ್ಲ. ಸಿನಿಮಾ ಸಂಘದವರು ಮಧ್ಯಾಹ್ನದ ಹೊತ್ತು ಒಂದೇ ಒಂದು ಆಟ ಹಾಕಿದ್ದರು. ಹಿಂದಿನ ಸಾಲಲ್ಲಿ ನಾವು ಮೂವರು.

ಆ ಮುದುಕ ಚಿತ್ರದ ಉದ್ದಕ್ಕೂ ಹೆಚ್ಚು ಮಾತಾಡುವುದಿಲ್ಲ. ಅಂಗಡಿ ತೆರೆಯುತ್ತಾನೆ, ಮುಚ್ಚುತ್ತಾನೆ, ಮಗಳಿಗೆ ಫೋನು ಮಾಡಿ ಏನೂ ಹೇಳದೆ ಇಡುತ್ತಾನೆ. ಅತ್ತೆ ಸ್ವಲ್ಪ ಹೊತ್ತಿಗೆ ಮಾವನ ಭುಜಕ್ಕೆ ತಲೆಯಿಟ್ಟು ನಿದ್ದೆ ಹೋದರು. ಹಿಂದಿನ ದಿನವೆಲ್ಲ ಮದುವೆಮನೆಯೊಂದರ ಬಟ್ಟೆ ಹೊಲಿದಿದ್ದರು. ಚಿತ್ರ ಮುಗಿಯಿತು, ದೀಪ ಹತ್ತಿತು, ಜನ ಎದ್ದು ಹೋದರು. ನಾನು ಅತ್ತೆಯನ್ನು ಎಬ್ಬಿಸಲು ಕೈ ಚಾಚಿದೆ. ಮಾವ ಬೇಡ ಎಂದು ತಲೆಯಾಡಿಸಿದರು. ಪೊರಕೆ ಹಿಡಿದು ಬಂದ ಹೆಂಗಸು ನಮ್ಮ ಸಾಲನ್ನು ಬಿಟ್ಟು ಮುಂದಿನ ಸಾಲುಗಳಿಂದ ಗುಡಿಸತೊಡಗಿದಳು. ಮಾವ ಭುಜ ಅಲುಗಿಸದೆ ಖಾಲಿ ತೆರೆಯನ್ನು ನೋಡುತ್ತಾ ಕೂತಿದ್ದರು.