ಐವತ್ತೆರಡು ನಿಮಿಷ

ಬಣ್ಣದ ಕಂಪನಿಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ನಕ್ಷೆಯಕ್ಕ ಎಂದು. ಯಾವ ಗೋದಾಮಿನಿಂದ ಯಾವ ಅಂಗಡಿಗೆ ಯಾವ ಲಾರಿ ಹೋಗಬೇಕು ಎಂದು ಹತ್ತೊಂಬತ್ತು ವರ್ಷದಿಂದ ಗೆರೆ ಎಳೆದವಳು ಅವಳೇ. ಯಾರಿಗೂ ಸೊಪ್ಪು ಹಾಕುವವಳಲ್ಲ. ಹೊಸದಾಗಿ ಬಂದ ಮ್ಯಾನೇಜರ್‌ಗೆ ಯಾರೋ "ಆಯಮ್ಮ ಸ್ವಲ್ಪ ಖಾರ" ಎಂದು ಕಿವಿಮಾತು ಹೇಳಿದ್ದರಂತೆ. ಹೇಳಿದವರು ಕಡಿಮೆಯೇ ಹೇಳಿದ್ದರು.

ಅದೇ ಹೊತ್ತಿಗೆ ಎದುರಾಳಿ ಕಂಪನಿ ಬೆಳಗ್ಗೆ ಕೇಳಿದ ಬಣ್ಣವನ್ನು ಮಧ್ಯಾಹ್ನಕ್ಕೇ ಅಂಗಡಿಗೆ ಮುಟ್ಟಿಸತೊಡಗಿತು. ಅಂಗಡಿಯವರು ಅತ್ತ ವಾಲಿದರು. ಒಂಬತ್ತು ಗೋದಾಮುಗಳಲ್ಲಿ ಎಲ್ಲಕ್ಕಿಂತ ನಿಧಾನವಾದದ್ದನ್ನು ಮುಚ್ಚಿ, ಉಳಿದ ಎಂಟರಿಂದ ಹೊಸ ಜಾಲ ಹೆಣೆಯಿರಿ ಎಂದು ಮ್ಯಾನೇಜರ್ ಅವಳಿಗೆ ಹೇಳಿದ. ಅವಳು ಒಂಬತ್ತೂ ಗೋದಾಮುಗಳ ದಾಖಲೆಗಳನ್ನು ಕಂಪ್ಯೂಟರ್‌ಗೆ ಹಾಕಿದಳು. ಅದು ತೋರಿಸಿದ್ದು ಸೇತುವೆಯಾಚೆಯ ಗೋದಾಮನ್ನು. ಒಂದು ಲಾರಿ ತುಂಬಲು ಉಳಿದ ಕಡೆಯೆಲ್ಲ ಇಪ್ಪತ್ತೇ ನಿಮಿಷ, ಅಲ್ಲಿ ಮಾತ್ರ ಐವತ್ತೆರಡು. ಅಲ್ಲಿನ ಸ್ಟೋರ್ ಕೀಪರ್ ಅವಳ ಸ್ವಂತ ತಮ್ಮ.

ಅವಳಿಗೆ ಪಿತ್ತ ನೆತ್ತಿಗೇರಿತು. ತಮ್ಮನ ಮೇಲಲ್ಲ. ಎಂಟು ಗೋದಾಮಿನಲ್ಲೂ, ದಿನವೂ, ಪ್ರತಿ ಲಾರಿಗೂ ಸರಿಯಾಗಿ ಇಪ್ಪತ್ತೇ? ಮಳೆಗೂ ಇಪ್ಪತ್ತು, ಬಿಸಿಲಿಗೂ ಇಪ್ಪತ್ತು? ಯಾರ ಕಣ್ಣಿಗೆ ಮಣ್ಣೆರಚುತ್ತಾರೆ ಇವರು! ಮರುದಿನದಿಂದ ಎಂಟೂ ಕಡೆ ಹೋಗಿ, ಗಡಿಯಾರ ನೋಡುತ್ತ ಬಾಗಿಲಲ್ಲೇ ನಿಂತಳು. ಐವತ್ತೆಂಟಕ್ಕಿಂತ ಕಡಿಮೆ ಎಲ್ಲೂ ಇಲ್ಲ, ಒಂದು ಕಡೆಯಂತೂ ಎಪ್ಪತ್ತು. ಅಲ್ಲಿ ಲಾರಿ ಬರುವ ಮೊದಲೇ ರಿಜಿಸ್ಟರಿನಲ್ಲಿ ಇಪ್ಪತ್ತು ಎಂದು ಬರೆದಿಟ್ಟು, ಬರೆದವನು ಆರಾಮಾಗಿ ಟೀ ಹೀರುತ್ತಿದ್ದ.

"ಸರ್, ಇವರೆಲ್ಲ ಬರೀ ಸುಳ್ಳು ಬರೀತಾರೆ," ಎಂದು ಅವಳು ಮ್ಯಾನೇಜರ್ ಮುಂದೆ ಹಾಳೆ ಹರಡಿದಳು. "ನಿಜ ಬರೆದಿರೋನು ಒಬ್ಬನೇ. ನೋಡಿದ್ರೆ ಅವನದ್ದೇ ಎಲ್ಲಕ್ಕಿಂತ ಬೇಗ."

"ಗೊತ್ತು ಮೇಡಂ." ಅವನು ತಲೆ ಕೂಡ ಎತ್ತಲಿಲ್ಲ. "ಇಪ್ಪತ್ತು ಅಂತ ಮೇಲಿನವರಿಗೆ ಆಗ್ಲೇ ಹೇಳಿಬಿಟ್ಟಿದೀನಿ. ಈಗ ಅರವತ್ತು ಅಂದ್ರೆ ನನ್ನ ಕುರ್ಚಿ ಉಳಿಯುತ್ತಾ? ಅದೂ ಅಲ್ದೆ ಅವನು ನಿಮ್ಮ ತಮ್ಮ. ನೋಡಿದೋರು ಏನಂತಾರೆ?"

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕೋ ಜಾತಿ ನಿಮ್ದು!" ಎಂದು ಅವಳು ಫೈಲನ್ನು ಮೇಜಿನ ಮೇಲೆ ಕುಕ್ಕಿದಳು. ತಮ್ಮನ ಗೋದಾಮು ಮುಚ್ಚುವ ಪತ್ರಕ್ಕೆ ಸಹಿ ಹಾಕಲಿಲ್ಲ. ಅವಳ ಸಹಿ ಯಾರಿಗೆ ಬೇಕಿತ್ತು? ಮೂರು ಗಂಟೆಗೆ ಅವನೇ ಸಹಿ ಹಾಕಿ ಪತ್ರ ಕಳಿಸಿದ.

ಸಂಜೆ ತಮ್ಮನ ಮನೆಗೆ ಹೋದಾಗ ಅವನು ಚಪ್ಪಲಿಯನ್ನೂ ಬಿಚ್ಚದೆ ಪತ್ರ ಹಿಡಿದು ಕೂತಿದ್ದ.

"ನಮ್ಮ ಲೋಡಿಂಗ್ ಹುಡುಗರು ನಿಧಾನ ಅಂತ ಬರ್ದಿದಾರೆ. ಹೌದಾ ಅಕ್ಕ?"

"ಇಲ್ವೋ, ನೀವೇ ಎಲ್ಲರಿಗಿಂತ ಬೇಗ. ಆ ಕಳ್ಳರು ಸುಳ್ಳು ಬರ್ದು ಉಳ್ಕೊಂಡ್ರು."

ಮ್ಯಾನೇಜರ್‌ನಿಂದ ಹಿಡಿದು ಟೀ ಹೀರುತ್ತಿದ್ದವನವರೆಗೆ ಒಬ್ಬೊಬ್ಬರಿಗೂ ಅವಳು ಹಿಡಿ ಶಾಪ ಹಾಕಿದಳು. ಅವನು ಕೊನೆಯವರೆಗೂ ಕೇಳಿಸಿಕೊಂಡ.

"ಸೇರಿದ ದಿನ ನಾನೂ ಇಪ್ಪತ್ತು ಅಂತಲೇ ಬರ್ದಿದ್ದೆ ಅಕ್ಕ," ಎಂದ. "ನೀನೇ ಬಂದು ಹಾಳೆ ಹರಿದು ಹಾಕ್ದೆ."