ಆ ಕಾಲು ಸುಟ್ಟದ್ದು ಇಟ್ಟಿಗೆಯಿಂದಲ್ಲ

ರತ್ನಮ್ಮಕ್ಕ, ನಿಮ್ಮ ಗಂಡನ ಕಾಲು ಸುಟ್ಟದ್ದು ನೀವಿಟ್ಟ ಇಟ್ಟಿಗೆಯಿಂದಲ್ಲ — ನಾನಿಟ್ಟ ಬಿಸಿನೀರಿನ ಚೀಲದಿಂದ. ಇಷ್ಟು ವರ್ಷ ಈ ಮಾತನ್ನು ನುಂಗಿಕೊಂಡೇ ಬದುಕಿದೆ. ನಿಮಗೆ ಓದಲು ಬಾರದು, ಗೊತ್ತು. ಬಾಯಲ್ಲೇ ಹೇಳಬೇಕು. ನಿಮ್ಮೆದುರು ನಾಲಿಗೆ ತೊದಲದಿರಲಿ ಎಂದು ಮೊದಲು ಬರೆದುಕೊಳ್ಳುತ್ತಿದ್ದೇನೆ.

ಆಗ ನಾನು ನರ್ಸಿಂಗ್ ಮುಗಿಸಿ ಕೆಲಸಕ್ಕೆ ಸೇರಿದ ಹೊಸತು. ಬೇತಮಂಗಲದ ನಮ್ಮ ಮನೆಯಲ್ಲಿ ಸಂಬಳ ತರುವ ಮೊದಲ ಹೆಣ್ಣು ನಾನೇ ಎಂಬ ಜಂಬ ಬೇರೆ. ಗಣಿ ಆಸ್ಪತ್ರೆಯಲ್ಲಿ ಆಪರೇಷನ್ ಆದವರ ವಾರ್ಡಿಗೆ ಹಾಕಿದರು. ಜಂಬ ಒಂದೇ ವಾರಕ್ಕೆ ಇಳಿಯಿತು — ಒಬ್ಬರಿಗೆ ವಾಂತಿ, ಒಬ್ಬರ ಡ್ರಿಪ್ ಖಾಲಿ, ಇನ್ನೊಬ್ಬರು ಮಂಪರಿನಲ್ಲಿ ಬ್ಯಾಂಡೇಜು ಕಿತ್ತುಕೊಳ್ಳುತ್ತಿದ್ದಾರೆ. ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಅತ್ತು, ಮುಖ ತೊಳೆದು ಮತ್ತೆ ಓಡುತ್ತಿದ್ದೆ.

ನಿಮ್ಮ ಯಜಮಾನರಾದ ನಾರಾಯಣಪ್ಪನವರಿಗೆ ಅಂದು ಹರ್ನಿಯಾ ಆಪರೇಷನ್ ಆಗಿತ್ತು. ಬೆನ್ನಿಗೆ ಕೊಟ್ಟ ಇಂಜೆಕ್ಷನ್ನಿನಿಂದ ಸೊಂಟದ ಕೆಳಗೆ ಸ್ಪರ್ಶವೇ ಗೊತ್ತಾಗುತ್ತಿರಲಿಲ್ಲ. ಕಾಲು ತಣ್ಣಗಿದೆ ಎಂದು ನೀವು ನಂದಿದುರ್ಗ ಗಣಿಯ ಕೂಲಿಯವರ ಲೈನ್ ಮನೆಯಿಂದ ಇಟ್ಟಿಗೆ ಕಾಯಿಸಿ, ಹಳೇ ಪಂಚೆಯಲ್ಲಿ ಸುತ್ತಿ ತಂದು, ಯಾರಿಗೂ ಕಾಣದಂತೆ ಹೊದಿಕೆಯೊಳಗೆ ಇಟ್ಟಿದ್ದಿರಿ. ನಿಮ್ಮ ಲೈನಿನಲ್ಲಿ ಬಾಣಂತಿಗೂ ಜ್ವರದವರಿಗೂ ಇದೇ ಆರೈಕೆಯಂತೆ. ನೀವು ಟೀ ತರಲು ಹೋದಾಗ ಅದು ನನ್ನ ಕೈಗೆ ಸಿಕ್ಕಿತು. ಅಷ್ಟು ಹೊತ್ತಿಗೆ ಅದು ಆರಿ ತಣ್ಣಗಾಗಿತ್ತು — ಇದನ್ನು ನಾನು ಕೈಯಾರೆ ಮುಟ್ಟಿ ಬಲ್ಲೆ. ಅದನ್ನು ಮಂಚದ ಕೆಳಗೆ ತಳ್ಳಿ, ಬಿಸಿನೀರಿನ ಚೀಲ ತುಂಬಿ ಪಾದಕ್ಕೆ ಒತ್ತಿಟ್ಟೆ. ಬಟ್ಟೆ ಸುತ್ತಬೇಕಿತ್ತು. ನನ್ನ ಮಣಿಕಟ್ಟಿಗೆ ಮುಟ್ಟಿಸಿ ನೋಡಬೇಕಿತ್ತು. ಆಚೆ ಮಂಚದವರು ಕೂಗಿದರು, ಓಡಿದೆ. ನೆನಪಾಗಿ ಬಂದು ಚೀಲ ತೆಗೆದಾಗ ಹಿಮ್ಮಡಿ ಕೆಂಪಾಗಿತ್ತು. ಹೊದಿಕೆ ಎಳೆದು ಮುಚ್ಚಿದೆ.

ಸಂಜೆಗೆ ಬೊಬ್ಬೆ ಎದ್ದಿತ್ತು. ದೊಡ್ಡ ಸಿಸ್ಟರ್ ಕೇಳಿದರು: "ಯಾರು ಬಿಸಿ ಇಟ್ಟಿದ್ದು?"

ನಾನು ಬಾಯಿ ತೆರೆಯುವ ಮೊದಲೇ — ಇಲ್ಲ, ನಾನು ತೆರೆಯುತ್ತಲೇ ಇರಲಿಲ್ಲ — ನೀವು ಕೈಮುಗಿದಿರಿ. "ನಾನೇ ಸಿಸ್ಟರಮ್ಮ. ಇಟ್ಗೆ ಕಾಯಿಸ್ಕೊಂಬಂದು ಇಕ್ಕಿದ್ದೆ. ತಪ್ಪಾಯ್ತು."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ, ಬೈಗುಳವೆಲ್ಲ ನಿಮಗೆ ಬಿತ್ತು. ನಿಮ್ಮತ್ತೆ ವಾರ್ಡಿನಲ್ಲೇ ನಿಮ್ಮನ್ನು ಗಂಡನ ಕಾಲು ಸುಟ್ಟವಳು ಎಂದರು. ನಾನು ಪಕ್ಕದಲ್ಲೇ ನಿಂತು ಹತ್ತಿ ಸುತ್ತುತ್ತಿದ್ದೆ. ಕೆಲಸ ಖಾಯಂ ಆಗಿರಲಿಲ್ಲ, ಹೆದರಿದೆ. ಅಷ್ಟೇ. ಹುಣ್ಣು ಮಾಯ್ದು ಅವರು ಮತ್ತೆ ಗಣಿಗೆ ಇಳಿದರು ಎಂದು ಕೇಳಿ, ಎಲ್ಲ ಸರಿಹೋಯಿತು ಎಂದುಕೊಂಡೆ.

ಸರಿಹೋಗಿರಲಿಲ್ಲ. ಕಳೆದ ವಾರ ನಿಮ್ಮ ಮಗಳು ಹೆರಿಗೆಗೆ ಬಂಗಾರಪೇಟೆ ಆಸ್ಪತ್ರೆಗೆ ಬಂದಳಲ್ಲ, ಅಲ್ಲಿ ಈಗ ನಾನೇ ದೊಡ್ಡ ಸಿಸ್ಟರ್. ನಿಮ್ಮನ್ನು ಗುರುತಿಸಿದೆ, ನಿಮಗೆ ನನ್ನ ಗುರುತು ಹತ್ತಲಿಲ್ಲ. ನೀವೆಲ್ಲ ಮನೆಗೆ ಹೊರಟಾಗ, ಇನ್ನೇನು ಅಜ್ಜಿಗೆ ಮೊಮ್ಮಗಳಿಗೆ ಎಣ್ಣೆ ಹಚ್ಚಿ ಬಿಸಿನೀರು ಹಾಕುವ ಸಂಭ್ರಮ ಎಂದು ರೇಗಿಸಿದೆ. ನೀವು ಮಗುವನ್ನು ಮಗಳ ಕೈಗೆ ಕೊಟ್ಟು ಹೇಳಿದಿರಿ: "ನಾನು ಬ್ಯಾಡ ಸಿಸ್ಟರಮ್ಮ. ಕಟ್ಕೊಂಡೋನ ಕಾಲೇ ಸುಟ್ಟ ಕೈ ಇದು. ಪಕ್ಕದ ಮನೆಯೋಳ್ನ ಕರೀತೀನಿ."

ನನ್ನ ಕೈಕೆಳಗಿನ ಹುಡುಗಿಯರಿಗೆ, ತಪ್ಪಾದರೆ ತಕ್ಷಣ ಬಂದು ಹೇಳಿ, ನಾನು ನಿಮ್ಮ ಪಕ್ಕ ನಿಲ್ಲುತ್ತೇನೆ ಎನ್ನುತ್ತೇನೆ. ಅವರು ಹೇಳುತ್ತಾರೆ ಕೂಡ. ಹೇಳದೆ ಉಳಿದವಳು ನಾನೊಬ್ಬಳೇ.

ನಾಳೆ ನಿಮ್ಮೂರಿಗೆ ಬರುವ ಮಾರಿಕುಪ್ಪಂ ರೈಲು ಹತ್ತುತ್ತೇನೆ. ನಾರಾಯಣಪ್ಪನವರು, ನಿಮ್ಮತ್ತೆ, ಮಗಳು — ಎಲ್ಲರೆದುರೂ ಹೇಳುತ್ತೇನೆ. ಬೈಯಿರಿ, ಹೊಸ್ತಿಲು ತುಳಿಯಬೇಡ ಎನ್ನಿ. ನನ್ನನ್ನು ಕ್ಷಮಿಸದಿದ್ದರೂ ಸರಿ, ಅಕ್ಕ — ಮಗುವಿಗೆ ನೀವೇ ನೀರು ಹಾಕಿ.